ಕಾಗದದ ಕಿರೀಟ, ದಸರಾ ಅಧಿವೇಶನ

ಎ3 ಹಾಳೆಯ ಉದ್ದ 42 ಸೆಂಟಿಮೀಟರ್. ಆರು ವರ್ಷದ ಮಗುವಿನ ತಲೆಯ ಸುತ್ತಳತೆ ಹೆಚ್ಚುಕಡಿಮೆ 51. ಅರಸೊತ್ತಿಗೆಯ ಹಬ್ಬ ಬಂದಾಗ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳು ಮೊದಲು ಎಡವುವುದು ಇಲ್ಲಿಯೇ. ಒಂದೇ ಹಾಳೆಯಲ್ಲಿ ಕಿರೀಟ ಕತ್ತರಿಸಿದರೆ ಅದು ತಲೆಯ ಹಿಂದೆ ಒಂಬತ್ತು ಸೆಂಟಿಮೀಟರ್ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಹಾಗಾಗಿ ಹತ್ತು ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಬೇಕು. ಜೋಡಿಸುವಾಗ ಒಂದರ ಮೇಲೊಂದು ಎರಡು ಬೆರಳಗಲ ಬರಬೇಕು. ಸ್ಟೇಪ್ಲರ್ ಪಿನ್ನಿನ ಮಡಚಿದ ತುದಿ ಹೊರಗಡೆಗೆ ಇರಬೇಕು, ಒಳಗಡೆಗಿದ್ದರೆ ಕಿರೀಟದ ಜೊತೆ ಕೂದಲೂ ಕಿತ್ತು ಬರುತ್ತದೆ. ಕೆಳಗಿನ ಅಂಚಿಗೆ ಹತ್ತಿ ಅಂಟಿಸಿ, ಅದರ ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಚುಕ್ಕೆ ಇಟ್ಟರೆ ಅರಸರ ನಿಲುವಂಗಿಯ ತುಪ್ಪಳದ ಹಾಗೆಯೇ ಕಾಣುತ್ತದೆ. ಆದರೆ ಬಿಳಿ ಅಂಟು ಪೂರ್ತಿ ಒಣಗಲು ಒಂದು ರಾತ್ರಿ ಬೇಕು. ಹಬ್ಬದ ದಿನ ಬೆಳಗ್ಗೆ ಕೂತು ಮಾಡಿಸಿದರೆ ಊಟದ ಹೊತ್ತಿಗೆ ಹತ್ತಿಯೆಲ್ಲ ಹುಬ್ಬಿನ ಮೇಲೆ. ತಲೆಗೆ ಪಟ್ಕಾ ಕಟ್ಟುವ ಸಿಖ್ ಹುಡುಗನಿಗೂ ಹಿಜಾಬ್ ಹಾಕುವ ಹುಡುಗಿಗೂ ಐದಾರು ಸೆಂಟಿಮೀಟರ್ ಹೆಚ್ಚು ಬೇಕು. ಆ ಅಳತೆಯನ್ನು ಮೊದಲೇ ತೆಗೆದಿಟ್ಟುಕೊಳ್ಳುವ ಟೀಚರ್ ಸಿಕ್ಕಿದರೆ ಶಾಲೆ ಒಳ್ಳೆಯದೆಂದು ತಿಳಿಯಬಹುದು.

ಒಂದು ವರ್ಷ ತುಂಬುವುದರೊಳಗೆ ಎರಡು ಸಲ ಇಂಥ ಕಿರೀಟಗಳು ತಯಾರಾದವು. 2022ರ ಜೂನ್‌ನಲ್ಲಿ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದು 70 ವರ್ಷ ತುಂಬಿದ ಹಬ್ಬ. ಅದೇ ಸೆಪ್ಟೆಂಬರ್ 19ಕ್ಕೆ ಅವರ ಅಂತ್ಯಕ್ರಿಯೆ, ಶಾಲೆಗೆ ರಜೆ. 2023ರ ಮೇ 6ಕ್ಕೆ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕ. ಆಗೆಲ್ಲ ಇಲ್ಲಿನ ಕನ್ನಡಿಗರ ನಡುವೆ ಮಾತು ಎರಡು ಕವಲಾಗುತ್ತಿತ್ತು. ಮಕ್ಕಳು ಕೆಂಪು ಬಿಳಿ ನೀಲಿ ಬಟ್ಟೆ ಹಾಕಿಕೊಂಡು ಕೇಕ್ ತಿಂದರೆ ಯಾರ ಗಂಟೇನು ಹೋಯಿತು ಎಂಬುದು ಒಂದು. ನಮ್ಮನ್ನು ಆಳಿ ದೋಚಿದವರ ವಂಶಕ್ಕೆ ನಮ್ಮ ಮಕ್ಕಳ ಕೈಯಲ್ಲಿ ಬಾವುಟ ಬೀಸಿಸುವುದೇ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ, ಎರಡೂ ಅರ್ಧಕ್ಕೇ ನಿಲ್ಲುತ್ತವೆ. ನನ್ನ ಮಾತು ಇಷ್ಟು: ಊಟಕ್ಕೆ ಕೂರಿಸಿ, ಕತ್ತರಿ ಕೊಡಿ, ರಜೆಯನ್ನೂ ಕೊಡಿ. ಆದರೆ ಮಗುವಿನ ಬಾಯಲ್ಲಿ ನಿಷ್ಠೆಯ ಮಾತು ಆಡಿಸಬೇಡಿ. ಹಬ್ಬಕ್ಕೆ ಹೊತ್ತು ಕೊಟ್ಟ ಹಾಗೆಯೇ ಪ್ರಶ್ನೆ ಕೇಳುವುದಕ್ಕೂ ಹೊತ್ತು ಕೊಡಿ. ಪ್ರಶ್ನೆಯ ಈ ಮಾತು ಹೇಳುವುದಕ್ಕೆ ಮೈಸೂರು ಸೀಮೆಯವರಿಗೆ ಒಂದು ಹಕ್ಕಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಷ್ಠೆಯ ವಿಷಯ. ಬ್ರಿಟಿಷ್ ಪೌರತ್ವ ತೆಗೆದುಕೊಳ್ಳುವ ಕನ್ನಡಿಗರು ಸ್ಥಳೀಯ ಕೌನ್ಸಿಲ್ ನಡೆಸುವ ಸಮಾರಂಭದಲ್ಲಿ ನಿಂತು, ರಾಜ ಮೂರನೇ ಚಾರ್ಲ್ಸ್‌ಗೆ, ಅವರ ವಾರಸುದಾರರಿಗೆ, ಉತ್ತರಾಧಿಕಾರಿಗಳಿಗೆ ನಿಷ್ಠರಾಗಿರುತ್ತೇವೆ ಎಂದು ಬಾಯಿಬಿಟ್ಟು ಹೇಳಬೇಕು. ದೇವರ ಮೇಲೆ ಆಣೆ ಬೇಡವೆನ್ನುವವರಿಗೆ ಬರೀ ದೃಢೀಕರಣದ ದಾರಿಯಿದೆ, ಆದರೆ ರಾಜನ ಹೆಸರು ಎರಡರಲ್ಲೂ ಇದೆ. ಭಾರತದ ಪಾಸ್‌ಪೋರ್ಟನ್ನು ಬಿಟ್ಟುಕೊಟ್ಟು ಈ ಮಾತು ಆಡಲು ಒಪ್ಪಿದ ಅಪ್ಪ ಅಮ್ಮಂದಿರೇ ಶಾಲೆಯ ಕಾಗದದ ಬಾವುಟಕ್ಕೆ ಮುಖ ಸಿಂಡರಿಸುವುದನ್ನು ನೋಡಿದರೆ ಸ್ವಲ್ಪ ನಗು ಬರುತ್ತದೆ. ಇರಲಿ. ಇಲ್ಲಿ ಗಮನಿಸಬೇಕಾದದ್ದು ಬೇರೆ: 18 ತುಂಬದ ಮಕ್ಕಳು ಈ ಪ್ರಮಾಣ ಮಾಡಬೇಕಿಲ್ಲ. ಅಪ್ಪ ಅಮ್ಮ ಎದ್ದು ನಿಂತು ಹೇಳುವಾಗ ಮಗು ಪಕ್ಕದಲ್ಲಿ ಕೂತು ಬಿಸ್ಕತ್ತು ತಿನ್ನಬಹುದು. ದೇಶದ ಕಾನೂನೇ ಮಗುವಿನಿಂದ ಕೇಳದ ಮಾತನ್ನು ಶಾಲೆಯ ಅಸೆಂಬ್ಲಿ ಕೇಳಬಾರದು.

2023ರಲ್ಲಿ ಈ ಗೆರೆ ಅಳಿಸಿಹೋಗುವುದರಲ್ಲಿತ್ತು. ಪಟ್ಟಾಭಿಷೇಕದ ದಿನ ದೇಶದ ಜನರೆಲ್ಲ ಟೀವಿಯ ಮುಂದೆಯೇ ರಾಜನಿಗೆ ನಿಷ್ಠೆ ಸಲ್ಲಿಸಬಹುದು ಎಂಬ ಹೊಸ ಭಾಗವೊಂದನ್ನು ವಿಧಿಗೆ ಸೇರಿಸಿದ್ದರು. ಗದ್ದಲವಾಯಿತು. ಕೊನೆಗೆ ಪಟ್ಟಾಭಿಷೇಕ ನಡೆಸಿಕೊಡುವ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು ಕರೆಯನ್ನು ಮೆತ್ತಗೆ ಮಾಡಿ, ಬಯಸಿದವರು ಬೆಂಬಲ ಸೂಚಿಸಲಿ ಎಂಬಷ್ಟಕ್ಕೆ ಇಳಿಸಿದರು. ದೊಡ್ಡವರಿಗೇ ಮುಜುಗರ ತಂದ ಮಾತನ್ನು ಏಳು ವರ್ಷದವರಿಗೆ ಅಭ್ಯಾಸ ಮಾಡಿಸುವುದು ತಪ್ಪು.

ಹಾಡಿನದು ಇದಕ್ಕಿಂತ ಸೂಕ್ಷ್ಮ. ಇಲ್ಲಿನ ರಾಷ್ಟ್ರಗೀತೆ ರಾಜನನ್ನು ಕಾಪಾಡೆಂದು ದೇವರಲ್ಲಿ ಬೇಡುವ ಪ್ರಾರ್ಥನೆ. ನಮಗೇನೂ ಇದು ಅಪರಿಚಿತವಲ್ಲ. ಬಸವಪ್ಪ ಶಾಸ್ತ್ರಿಗಳು ಬರೆದ, ಮೈಸೂರು ಸಂಸ್ಥಾನದ ಗೀತೆಯಾಗಿದ್ದ 'ಕಾಯೌ ಶ್ರೀಗೌರಿ'ಯೂ ಅರಸನನ್ನು ಕಾಯೆಂದು ಗೌರಿಯನ್ನು ಬೇಡುವುದೇ. ಮಗು ಹಾಡಲೊಲ್ಲದಿದ್ದರೆ ಏನು ಮಾಡಬೇಕೆಂಬುದಕ್ಕೆ ಉತ್ತರ ಭಾರತದಲ್ಲೇ ಇದೆ. 1985ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳನ್ನು ಹೊರಹಾಕಿತು. ಜನಗಣಮನಕ್ಕೆ ಅವರು ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಬಿಜೊಯ್ ಇಮ್ಯಾನ್ಯುಯೆಲ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು: ಗೌರವದಿಂದ ಎದ್ದು ನಿಂತರೆ ಸಾಕು, ಹಾಡದೇ ಇರುವುದು ಅಗೌರವವಲ್ಲ. ಇಂಗ್ಲೆಂಡಿನ ಶಾಲೆಗೆ ಆ ತೀರ್ಪಿನ ಹಂಗಿಲ್ಲ, ನಿಜ. ಆದರೆ ಅದಕ್ಕಿಂತ ಸರಳವಾದ ನಿಯಮ ನನಗೆ ಕಂಡಿಲ್ಲ. ಎದ್ದು ನಿಲ್ಲುವುದು ಎಲ್ಲರಿಗೂ, ಹಾಡುವುದು ಬೇಕಾದವರಿಗೆ. ಯಾರ ತುಟಿ ಅಲ್ಲಾಡಿತು ಎಂದು ಟೀಚರ್ ನೋಡುತ್ತ ನಿಲ್ಲಬಾರದು, ಅಷ್ಟೆ.

ಇನ್ನು ಅಣಕು ಪಟ್ಟಾಭಿಷೇಕ. ಬಹಳ ಶಾಲೆಗಳಿಗೆ ಇದೇ ಹಬ್ಬದ ಮುಖ್ಯ ಆಟ. ಒಬ್ಬ ರಾಜ, ಒಬ್ಬಳು ರಾಣಿ, ಗಡ್ಡ ಅಂಟಿಸಿಕೊಂಡ ಬಿಷಪ್ಪು, ಟೆನಿಸ್ ಚೆಂಡಿಗೆ ಚಿನ್ನದ ಕಾಗದ ಸುತ್ತಿದ ಗೋಳ, ಅಡಿಗೆಮನೆಯ ಫಾಯಿಲ್ ಸುತ್ತಿದ ರಾಜದಂಡ. ಚೆನ್ನಾಗಿಯೇ ಇರುತ್ತದೆ. ಆದರೆ ನಿಜವಾದ ಪಟ್ಟಾಭಿಷೇಕ ಚರ್ಚ್ ಆಫ್ ಇಂಗ್ಲೆಂಡಿನ ಪೂಜೆ ಎಂಬುದನ್ನು ಮರೆಯಬಾರದು. ಪ್ರಾಟೆಸ್ಟಂಟ್ ಧರ್ಮವನ್ನು ಕಾಪಾಡುತ್ತೇನೆಂದು ರಾಜ ಅಲ್ಲಿ ಪ್ರಮಾಣ ಮಾಡುತ್ತಾನೆ. ಜೆರುಸಲೇಮಿನಲ್ಲಿ ಮಂತ್ರಿಸಿ ತಂದ ಆಲಿವ್ ಎಣ್ಣೆಯನ್ನು ಪರದೆಯ ಮರೆಯಲ್ಲಿ ಅವನ ಕೈಗೆ, ಎದೆಗೆ, ತಲೆಗೆ ಹಚ್ಚುತ್ತಾರೆ. ಅಭಿಷೇಕ ಎಂಬ ಪದವನ್ನು ದಿನಾ ಕೇಳುವ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ, ಇಂಗ್ಲಿಷರಿಗೇ ಎಷ್ಟೋ ಸಲ ಆಗುವುದಿಲ್ಲ. ಶಾಲೆಯ ಸಾಮೂಹಿಕ ಪ್ರಾರ್ಥನೆಯಿಂದ ಮಗುವನ್ನು ಹೊರಗಿಡುವ ಹಕ್ಕು ಇಂಗ್ಲೆಂಡಿನ ತಂದೆತಾಯಿಗೆ ಕಾನೂನಿನಲ್ಲೇ ಇದೆ. ಅಣಕು ಆಟದೊಳಗೆ ನಿಜವಾದ ಪ್ರಾರ್ಥನೆ ನುಸುಳಿದರೆ ಆ ಹಕ್ಕೂ ಹಿಂದೆಯೇ ಬಂದು ನಿಲ್ಲುತ್ತದೆ. ಮೆರವಣಿಗೆ, ಕಿರೀಟ, ಗೋಳ, ದಂಡ ಇಟ್ಟುಕೊಳ್ಳಿ. ಎಣ್ಣೆಯನ್ನೂ ಪ್ರಮಾಣವನ್ನೂ ಮಾಡಿ ತೋರಿಸದೆ ಪಾಠದಲ್ಲಿ ಹೇಳಿ. ಚರ್ಚಿನ ಆಡಳಿತದ ಶಾಲೆಗಳ ಮಾತು ಬೇರೆ. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಕಾಲು ಭಾಗದಷ್ಟು ಅವೇ ಇವೆ, ಅಲ್ಲಿಗೆ ಸೇರಿಸುವಾಗಲೇ ಇದು ಗೊತ್ತಿರಬೇಕು.

ಊಟದ ವಿಷಯಕ್ಕೆ ಬರೋಣ, ನಿಜವಾದ ಪೇಚು ಇರುವುದು ಅಲ್ಲಿ. ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ಅರಮನೆಯೇ ಒಂದು ತಿಂಡಿಯ ರೆಸಿಪಿ ಹೊರಡಿಸಿತು: ಪಾಲಕ್, ಬ್ರಾಡ್ ಬೀನ್ಸ್, ಟ್ಯಾರಗನ್ ಸೊಪ್ಪು ಹಾಕಿದ ಕೀಶ್. ಮೈದಾ ಹಿಟ್ಟಿನ ತೆಳು ಬಟ್ಟಲಿಗೆ ಮೊಟ್ಟೆ, ಹಾಲು, ಕೆನೆ ಕಲಸಿ ಸುರಿದು ಅವನ್‌ನಲ್ಲಿ ಬೇಯಿಸುವುದು. ಬ್ರಾಡ್ ಬೀನ್ಸ್ ಅಂದರೆ ನಮ್ಮ ಅವರೆಯ ದೂರದ ನೆಂಟ, ಹಿತಕವರೆಯ ಹಾಗೆ ಸಿಪ್ಪೆ ಹಿಸುಕಿ ತೆಗೆದರೆ ರುಚಿ ಇಮ್ಮಡಿ. ಒಟ್ಟಾರೆ ಸೊಪ್ಪು ಕಾಳು ಚೀಸಿನ ತಿಂಡಿ, ಮಾಂಸದ ಸುಳಿವಿಲ್ಲ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಬಟ್ಟಲಿನ ಹಿಟ್ಟಿಗೆ 125 ಗ್ರಾಂ ಮೈದಾ, 25 ಗ್ರಾಂ ಬೆಣ್ಣೆಯ ಜೊತೆ 25 ಗ್ರಾಂ ಲಾರ್ಡ್ ಎಂದು ಬರೆದಿತ್ತು. ಲಾರ್ಡ್ ಅಂದರೆ ಹಂದಿಯ ಕೊಬ್ಬು! ಲಿಂಗಾಯತರ, ಬ್ರಾಹ್ಮಣರ, ಜೈನರ, ಮುಸ್ಲಿಮರ, ಯಹೂದಿಗಳ ಮಕ್ಕಳೆಲ್ಲ ಒಂದೇ ಏಟಿಗೆ ಪಂಕ್ತಿಯಿಂದ ಹೊರಗೆ. ತಿದ್ದುವುದು ಕಷ್ಟವೇನಲ್ಲ. ಲಾರ್ಡ್ ಬಿಟ್ಟು ಬೆಣ್ಣೆಯನ್ನೇ 50 ಗ್ರಾಂ ಮಾಡಿದರೆ ಹಿಟ್ಟು ಗರಿಗರಿಯಾಗಿಯೇ ಬರುತ್ತದೆ. ಅಂಗಡಿಯ ಸಿದ್ಧ ಹಿಟ್ಟು ತಂದರೆ ಸಸ್ಯದ ಎಣ್ಣೆಯದೇ ಎಂದು ಲೇಬಲ್ ನೋಡಬೇಕು.

ಒಂದು ಕೀಶ್ ಆರು ಜನಕ್ಕೆ. ಅರವತ್ತು ಮಕ್ಕಳಿಗೆ ಹತ್ತು ಬೇಕು. ಅಂದರೆ 20 ಮೊಟ್ಟೆ, ಹೂರಣಕ್ಕೆ ಒಂದೂಕಾಲು ಲೀಟರ್ ಹಾಲು, ಒಂದೂಮುಕ್ಕಾಲು ಲೀಟರ್ ಕೆನೆ, ಒಂದು ಕಿಲೋ ಚೆಡ್ಡರ್ ಚೀಸ್, ಬೇಯಿಸಿದ ಮೇಲೆ ತೂಗಿದರೆ 1.8 ಕಿಲೋ ಪಾಲಕ್. ಪಾಲಕ್ಕನ್ನು ಬಟ್ಟೆಯಲ್ಲಿ ಕಟ್ಟಿ ನೀರು ಹಿಂಡದಿದ್ದರೆ ತಳವೆಲ್ಲ ಹಸಿ ಹಸಿ. ಹೂರಣ ಸುರಿಯುವ ಮುಂಚೆ ಖಾಲಿ ಬಟ್ಟಲನ್ನು 190 ಡಿಗ್ರಿಯಲ್ಲಿ ಕಾಲು ಗಂಟೆ ಬೇಯಿಸಬೇಕು, ಆಮೇಲೆ ಶಾಖವನ್ನು 160ಕ್ಕೆ ಇಳಿಸಬೇಕು. ಅವಸರಕ್ಕೆ ಬಿದ್ದು ಆ ಕಾಲು ಗಂಟೆ ಉಳಿಸಲು ಹೋದವರ ಕೀಶ್ ತಟ್ಟೆಯಿಂದ ಏಳುವುದೇ ಇಲ್ಲ.

ಲಾರ್ಡ್ ತೆಗೆದರೂ ಮೊಟ್ಟೆ ಉಳಿಯಿತಲ್ಲ. ಹೊಸದಾಗಿ ಬಂದ ಕನ್ನಡದ ಮನೆಗಳು ಎಡವುವುದು ಇಲ್ಲಿ: ಈ ದೇಶದಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆಯೂ ಸೇರಿದ್ದು. ಶಾಲೆಯ ಫಾರಂನಲ್ಲಿ ಬರೀ ವೆಜಿಟೇರಿಯನ್ ಎಂದು ಗುರುತು ಹಾಕಿದರೆ ಮಗುವಿನ ತಟ್ಟೆಗೆ ಕೀಶ್ ಬಂದೇ ಬರುತ್ತದೆ. ಮೊಟ್ಟೆ ಬೇಡ, ಜೆಲಟಿನ್ ಬೇಡ ಎಂದು ಬಿಡಿಸಿ ಬರೆಯಬೇಕು. ಜೆಲಟಿನ್ ಬಗ್ಗೆ ಯಾಕೆ ಹೇಳುತ್ತಿದ್ದೇನೆಂದರೆ ಕೆಂಪು ಬಿಳಿ ನೀಲಿ ಜೆಲ್ಲಿ ಇಂಥ ಹಬ್ಬದಲ್ಲಿ ತಪ್ಪುವುದಿಲ್ಲ, ಅದೂ ಮಾರ್ಷ್‌ಮ್ಯಾಲೋವೂ ಸಾಮಾನ್ಯವಾಗಿ ಹಂದಿ ಅಥವಾ ದನದ ಜೆಲಟಿನ್‌ನಿಂದಲೇ ಗಟ್ಟಿಯಾಗುವುದು. ಕಡಲಪಾಚಿಯಿಂದ ತೆಗೆದ ಅಗರ್ ಅಗರ್ ಬಳಸಿದರೆ ಆ ತೊಡಕೂ ಇಲ್ಲ, ಬಿಸಿಲಿಗೆ ಬೇಗ ಕರಗುವುದೂ ಇಲ್ಲ. 2022ರ ಹಬ್ಬಕ್ಕೆ ಸ್ಪರ್ಧೆಯಲ್ಲಿ ಗೆದ್ದ ಸಿಹಿ ತಿನಿಸಿನಲ್ಲಿ ಅಮರೆಟ್ಟಿ ಬಿಸ್ಕತ್ತು ಇತ್ತು. ಅಮರೆಟ್ಟಿ ಎಂದರೆ ಬಾದಾಮಿ, ಎಷ್ಟೋ ಶಾಲೆಗಳಲ್ಲಿ ಬೀಜದ ಪದಾರ್ಥವೆಂದರೆ ಗೇಟಿನ ಹೊರಗೆ.

1953ರಲ್ಲಿ ಎಲಿಜಬೆತ್ ಪಟ್ಟಾಭಿಷೇಕದ ಅತಿಥಿಗಳಿಗೆಂದು ಹುಟ್ಟಿದ ಕಾರೊನೇಶನ್ ಚಿಕನ್ ಈಗಲೂ ಚಾಲ್ತಿಯಲ್ಲಿದೆ: ತಣ್ಣಗಿನ ಕೋಳಿ, ಮಯೋನೀಸ್, ಕರಿ ಪೌಡರ್. ನಮ್ಮ ಮಸಾಲೆಗೆ ಇಷ್ಟು ಸಪ್ಪೆಯಾದ ಗೌರವ ಇನ್ನೆಲ್ಲೂ ಸಿಕ್ಕಿರಲಾರದು. ಮೈದಾನದ ಮೇಜಿನ ಮೇಲೆ ಇದನ್ನಿಡುವವರು ಒಂದು ಲೆಕ್ಕ ನೆನಪಿಡಬೇಕು. ತಣ್ಣಗಿನ ತಿಂಡಿ 8 ಡಿಗ್ರಿಗಿಂತ ಮೇಲೆ ನಾಲ್ಕು ಗಂಟೆ ಮೀರಬಾರದು, ಬಿಸಿ ಅಡುಗೆ 63 ಡಿಗ್ರಿಗಿಂತ ಕೆಳಗೆ ಎರಡು ಗಂಟೆ ಮೀರಬಾರದು. ಎಂಟಕ್ಕೇ ಹೊರಗಿಟ್ಟು, ಭಾಷಣ, ಹಾಡು, ಫೋಟೋ ಎಲ್ಲ ಮುಗಿಸಿ ಹನ್ನೆರಡೂವರೆಗೆ ಬಡಿಸುವುದೆಂದರೆ ಕಸದ ಡಬ್ಬಿಗೇ ನೇರ ಬಡಿಸಿದ ಹಾಗೆ. ಮೋಡ ನೋಡಿದರೆ ಆ ಭಾಷಣವೂ ಹಾಲ್ ಒಳಗೇ ಆಗಬೇಕಾದೀತು. 2023ರ ಮೇ 6ರಂದು ಲಂಡನ್ನಿನಲ್ಲಿ ಸುರಿದ ಮಳೆಯನ್ನು ಲೋಕವೆಲ್ಲ ಟೀವಿಯಲ್ಲಿ ನೋಡಿದೆ.

ಬಾವುಟದ ಬಗ್ಗೆ ಎರಡೇ ಮಾತು. ಯೂನಿಯನ್ ಜ್ಯಾಕ್‌ಗೆ ತಲೆ ಕಾಲು ಇದೆ. ಕಂಬದ ಕಡೆಯ ಮೇಲಿನ ಮೂಲೆಯಲ್ಲಿ ದಪ್ಪ ಬಿಳಿ ಪಟ್ಟೆ ಕೆಂಪು ಪಟ್ಟೆಯ ಮೇಲೆ ಬರಬೇಕು. ತೆಳು ಬಿಳಿ ಮೇಲಿದ್ದರೆ ಬಾವುಟ ತಲೆಕೆಳಗು, ಹಡಗಿನವರ ಲೆಕ್ಕದಲ್ಲಿ ಅದು ಆಪತ್ತಿನ ಕೂಗು. ಮಕ್ಕಳಷ್ಟೇ ಅಲ್ಲ, ದೊಡ್ಡವರೂ ತಪ್ಪುತ್ತಾರೆ.

ಕ್ಯಾಲೆಂಡರಿನ ಗೋಜಲನ್ನೂ ಹೇಳಬೇಕು. ಇಂಗ್ಲೆಂಡಿನ ಸರ್ಕಾರಿ ಶಾಲೆಗೆ ವರ್ಷಕ್ಕೆ 190 ದಿನದ ಪಾಠ. 2022ರ ಹೆಚ್ಚುವರಿ ರಜೆ ಬಿದ್ದದ್ದು ಬಹಳ ಶಾಲೆಗಳು ಮೊದಲೇ ಅರ್ಧಾವಧಿ ರಜೆಯಲ್ಲಿದ್ದ ವಾರದಲ್ಲಿ. ಹಾಗಾಗಿ ಆ ಒಂದು ದಿನವನ್ನು ಬೇರೆ ಕಡೆ ಕೊಡಬೇಕಾಯಿತು. ಯಾವ ದಿನವೆಂದು ಶಾಲೆ ಶಾಲೆಗೂ ಬೇರೆ ತೀರ್ಮಾನ. ಇಬ್ಬರು ಮಕ್ಕಳು ಎರಡು ಶಾಲೆಯಲ್ಲಿದ್ದರೆ ದುಡಿಯುವ ತಾಯಿ ಎರಡು ದಿನ ರಜೆ ಹಾಕಬೇಕು. 2023ರಲ್ಲಿ ಮೇ 8ರ ಸೋಮವಾರ ರಜೆಯೆಂದು ಸಾರಿದ್ದರಿಂದ ಆರನೇ ತರಗತಿಯ ರಾಷ್ಟ್ರೀಯ ಪರೀಕ್ಷೆಗಳು ಒಂದು ದಿನ ಮುಂದೆ ಹೋಗಿ 9ರಿಂದ 12ರವರೆಗೆ ನಡೆದವು. ಮೇ 1ಕ್ಕೂ ರಜೆ, 8ಕ್ಕೂ ರಜೆ, 9ಕ್ಕೆ ಪರೀಕ್ಷೆ. ಕಿರೀಟ ಮಾಡುವ ಉತ್ಸಾಹ ಎರಡನೇ ಕ್ಲಾಸಿನವರಿಗಿತ್ತು, ಆರನೇ ಕ್ಲಾಸಿನವರಿಗಲ್ಲ.

ಈಗ ಮೂಲ ಪ್ರಶ್ನೆ. ಅರಸೊತ್ತಿಗೆ ಬೇಕೇ ಬೇಡವೇ ಎಂಬುದು ರಾಜಕೀಯದ ಪ್ರಶ್ನೆಯೋ ಅಲ್ಲವೋ? 1996ರ ಶಿಕ್ಷಣ ಕಾಯ್ದೆಯ 406ನೇ ಕಲಮು ಪಾಠದಲ್ಲಿ ಒಂದು ಪಕ್ಷದ ರಾಜಕೀಯ ನಿಲುವನ್ನು ಹೇರುವುದನ್ನು ತಡೆಯುತ್ತದೆ. 407ನೇ ಕಲಮು ರಾಜಕೀಯದ ವಿಷಯ ಮಕ್ಕಳ ಮುಂದೆ ಬಂದರೆ ಎದುರು ಬದಿಯ ವಾದವನ್ನೂ ತೂಗಿ ಕೊಡಿ ಎನ್ನುತ್ತದೆ. ರಾಜ ಬೇಡ, ಚುನಾಯಿತ ರಾಷ್ಟ್ರಾಧ್ಯಕ್ಷ ಬೇಕು ಎನ್ನುವ ರಿಪಬ್ಲಿಕ್ ಎಂಬ ಸಂಘಟನೆ ಈ ದೇಶದಲ್ಲಿ ಕಾನೂನುಬದ್ಧವಾಗಿ ಕೆಲಸ ಮಾಡುತ್ತಿದೆ. ಶಾಲೆಗಳು ಕಲಿಸಲೇಬೇಕೆಂದು ಸರ್ಕಾರ ಪಟ್ಟಿ ಮಾಡಿದ ಬ್ರಿಟಿಷ್ ಮೌಲ್ಯಗಳು ನಾಲ್ಕು: ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ವ್ಯಕ್ತಿಸ್ವಾತಂತ್ರ್ಯ, ಬೇರೆ ನಂಬಿಕೆಯವರ ಬಗ್ಗೆ ಪರಸ್ಪರ ಗೌರವ ಮತ್ತು ಸಹನೆ. ಪಟ್ಟಿಯನ್ನು ಇನ್ನೊಮ್ಮೆ ಓದಿ, ಅರಸ ಅದರಲ್ಲಿಲ್ಲ. ಆದರೂ 2022ರಲ್ಲಿ ಶಿಕ್ಷಣ ಇಲಾಖೆ ಸುಮಾರು 1.2 ಕೋಟಿ ಪೌಂಡ್ ಖರ್ಚಿನಲ್ಲಿ ರಾಣಿಯ ಬಗ್ಗೆ ಪುಸ್ತಕ ಮಾಡಿಸಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹಂಚಿತು. ಆ ಹಣದಲ್ಲಿ ಶಾಲೆಯ ಗ್ರಂಥಾಲಯಗಳಿಗೆ ಬೇರೆ ಎಷ್ಟು ಪುಸ್ತಕ ಬರುತ್ತಿತ್ತು ಎಂಬುದು ಬೇರೆ ಮಾತು. ಎದುರು ಬದಿಯ ವಾದ ಮಗುವಿನ ಚೀಲಕ್ಕೆ ಬರಲಿಲ್ಲ ಎಂಬುದು ನನ್ನ ತಕರಾರು.

ಈ ದೇಶ ಒಮ್ಮೆ ಇದರ ಅತಿರೇಕವನ್ನೂ ಕಂಡಿದೆ. ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬವಾದ ಮೇ 24ನ್ನು 1902ರಿಂದ ಸಾಮ್ರಾಜ್ಯ ದಿನವೆಂದು ಆಚರಿಸತೊಡಗಿ, 1916ರಲ್ಲಿ ಅಧಿಕೃತ ಮಾಡಿದರು. ಶಾಲಾ ಮಕ್ಕಳು ಸಾಲಾಗಿ ನಿಂತು ಬಾವುಟಕ್ಕೆ ಸೆಲ್ಯೂಟ್ ಹೊಡೆಯಬೇಕು, ಸಾಮ್ರಾಜ್ಯದ ಹಾಡು ಹಾಡಬೇಕು, ಆಮೇಲೆ ಮನೆಗೆ. ಸಾಮ್ರಾಜ್ಯವೇ ಕರಗಿದ ಮೇಲೆ 1958ರಲ್ಲಿ ಅದರ ಹೆಸರು ಕಾಮನ್‌ವೆಲ್ತ್ ದಿನವೆಂದಾಯಿತು. ಆ ಸಾಲಿನಲ್ಲಿ ನಿಂತ ಮಗು ಭಾರತದ ಬಗ್ಗೆ ಕಲಿತದ್ದು ಭೂಪಟದಲ್ಲಿ ಸಾಮ್ರಾಜ್ಯಕ್ಕೆ ಹಚ್ಚಿದ ಗುಲಾಬಿ ಬಣ್ಣವನ್ನಷ್ಟೇ.

ಡಚ್ಚರು ಇದನ್ನು ಜಾಣತನದಿಂದ ಬಗೆಹರಿಸಿದ್ದಾರೆ. ವಿಲ್ಲೆಮ್ ಅಲೆಕ್ಸಾಂಡರ್ ಪಟ್ಟಕ್ಕೆ ಬಂದ 2013ರಿಂದ ನೆದರ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ರಾಜನ ಆಟಗಳೆಂಬ ಹಬ್ಬವಿದೆ. ಏಪ್ರಿಲ್ 27ರ ರಾಜನ ದಿನಕ್ಕೆ ಮುಂಚೆ ಒಂದು ಶುಕ್ರವಾರ ಮಕ್ಕಳೆಲ್ಲ ಒಟ್ಟಿಗೆ ಬೆಳಗಿನ ತಿಂಡಿ ತಿಂದು ದಿನವಿಡೀ ಆಡುತ್ತಾರೆ. ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಸೇರುತ್ತಾರೆ. ಹೆಸರು ರಾಜನದು, ಬೆವರು ಮಕ್ಕಳದು. ರಾಜನ ದಿನದಂದು ಅದೇ ಮಕ್ಕಳು ಬೀದಿಯಲ್ಲಿ ಚಾಪೆ ಹಾಸಿ ಹಳೆಯ ಆಟಿಕೆ ಮಾರುತ್ತಾರೆ. ನಾರ್ವೆಯವರದು ಇನ್ನೂ ಸೊಗಸು. ಮೇ 17ಕ್ಕೆ ಆಸ್ಲೋ ಅರಮನೆಯ ಮುಂದೆ ಶಾಲಾ ಮಕ್ಕಳ ಮೆರವಣಿಗೆ ಗಂಟೆಗಟ್ಟಲೆ ಸಾಗುತ್ತದೆ, ರಾಜನ ಮನೆಯವರು ಬಾಲ್ಕನಿಯಲ್ಲಿ ನಿಂತು ಕೈ ಬೀಸುತ್ತಲೇ ಇರಬೇಕು. ಆದರೆ ಅದು ರಾಜನ ಹಬ್ಬವಲ್ಲ, 1814ರಲ್ಲಿ ಬರೆದ ಸಂವಿಧಾನದ್ದು. ಸೈನ್ಯದ ಪಥಸಂಚಲನವಿಲ್ಲ, ಮಕ್ಕಳೇ ಮೆರವಣಿಗೆ. ಅಲ್ಲಿ ಕೈ ನೋಯುವುದು ರಾಜನಿಗೆ.

ಇನ್ನು ಮೈಸೂರು. 1881ರ ಮಾರ್ಚ್‌ನಲ್ಲಿ ಬ್ರಿಟಿಷರು ಆಡಳಿತವನ್ನು ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ಅದೇ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು, 144 ಮಂದಿ ಸದಸ್ಯರು. ಯಾವ ಹೊತ್ತಿನಲ್ಲಿ? ದಸರೆಯಲ್ಲಿ. ನಾಡಿನ ಮೂಲೆಮೂಲೆಯಿಂದ ಜನ ಹೇಗೂ ಮೈಸೂರಿಗೆ ಬರುವ ಸಮಯ, ದರ್ಬಾರು ನೋಡಿಕೊಂಡು ಅಹವಾಲನ್ನೂ ಹೇಳಿ ಹೋಗಲಿ ಎಂಬ ಏರ್ಪಾಡು. ಮುಂದೆ ಅದು ದಸರಾ ಅಧಿವೇಶನವೆಂದೇ ಹೆಸರಾಯಿತು, ಮಹಾರಾಜರ ಹುಟ್ಟುಹಬ್ಬದ ಸುಮಾರಿಗೆ ವರ್ಧಂತಿ ಅಧಿವೇಶನವೂ ಸೇರಿತು. ಬಣ್ಣ ಹಚ್ಚಿ ಹೇಳಬಾರದು: ಆರಂಭದ ಸದಸ್ಯರು ದೊಡ್ಡ ರೈತರು, ವರ್ತಕರು. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಕೆರೆ, ಕಂದಾಯ, ರಸ್ತೆ ಎಂದು ಕೇಳಬಹುದಿತ್ತು, ದಿವಾನರು ಉತ್ತರ ಹೇಳಬೇಕಿತ್ತು, ಅಷ್ಟೆ. ಆದರೂ ಅರಸನ ಹಬ್ಬವೇ ಅರಸನ ಸರ್ಕಾರವನ್ನು ಪ್ರಶ್ನಿಸುವ ಹೊತ್ತು ಎಂಬ ಪದ್ಧತಿ ಹಾಗೆ ಬೇರೂರಿತು. ಇಂಗ್ಲೆಂಡಿನ ಶಾಲೆಗಳಿಗೆ ನಾವು ಹೇಳಬೇಕಾದದ್ದು ಇದನ್ನೇ.

ಆ ಪ್ರಶ್ನೆಗಳು ಕೊನೆಗೆ ಎಲ್ಲಿಗೆ ಮುಟ್ಟಿದವು ಎಂಬುದೂ ಮಕ್ಕಳಿಗೆ ಗೊತ್ತಿರಲಿ. 1947ರ ಸೆಪ್ಟೆಂಬರ್‌ನ ಜವಾಬ್ದಾರಿ ಸರ್ಕಾರ ಬೇಕೆಂದು ನಡೆದ ಮೈಸೂರು ಚಲೋ ಚಳವಳಿಯಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಮೈಸೂರಿನ ರಾಮಸ್ವಾಮಿ ವೃತ್ತ ಅವನ ಹೆಸರಿನದು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನೂ ಬಿರುದುಗಳನ್ನೂ ತೆಗೆದುಹಾಕಿತು. ಆದರೆ ದಸರಾ ನಿಲ್ಲಲಿಲ್ಲ. 750 ಕಿಲೋ ತೂಕದ ಅಂಬಾರಿ ಅದೇ, ಆನೆಯ ಸಾಲು ಅದೇ, ಶಾಲೆಗೆ ರಜೆಯೂ ಅದೇ. ಅಂಬಾರಿಯಲ್ಲಿ ಕೂರುವವರು ಮಾತ್ರ ಬದಲಾದರು, ಅರಸರ ಜಾಗದಲ್ಲಿ ಚಾಮುಂಡೇಶ್ವರಿ. ಅರಮನೆಯ ಖಾಸಗಿ ದರ್ಬಾರು ಒಳಗೆ, ಸರ್ಕಾರದ ನಾಡಹಬ್ಬ ಹೊರಗೆ. ದೇವಿಯ ಮೂರ್ತಿಯೇ ನಡುವೆ ಇರುವುದರಿಂದ ಅಲ್ಲೂ ತೊಡಕುಗಳಿವೆ, ಯಾರು ಉದ್ಘಾಟಿಸಬೇಕೆಂಬ ಜಗಳವೂ ಎದ್ದಿದೆ. ಆದರೂ ಯಾವ ಮಗುವೂ ಒಬ್ಬ ಮನುಷ್ಯನ ವಂಶಕ್ಕೆ ನಿಷ್ಠೆ ಹೇಳಬೇಕಿಲ್ಲ. ಅರಸು ರಾಣಿಯರ ಪಟ್ಟದ ಗೊಂಬೆಗಳು ಮಾತ್ರ ಈಗಲೂ ಮನೆಮನೆಯ ಗೊಂಬೆ ಸಾಲಿನಲ್ಲಿ ನಿಲ್ಲುತ್ತವೆ, ಇಂಗ್ಲೆಂಡಿನ ಕನ್ನಡದ ಮನೆಗಳಲ್ಲೂ.

ಹಬ್ಬದಿಂದ ಏನು ಉಳಿಯುತ್ತದೆ ಎಂಬ ಲೆಕ್ಕವೂ ಇದೆ. ವಿಕ್ಟೋರಿಯಾ ಪಟ್ಟಕ್ಕೆ ಬಂದ 50ನೇ ವರ್ಷದ ನೆನಪಿಗೆ ಮೈಸೂರಿನಲ್ಲಿ ಕಟ್ಟಿದ ಜ್ಯೂಬಿಲಿ ಇನ್‌ಸ್ಟಿಟ್ಯೂಟ್ ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. 1905ರಲ್ಲಿ ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಸಿಕ್ಕಿದ್ದು ಆ ಸಂಸ್ಥೆಯಲ್ಲಿ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ಹೆಸರು ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲೂ ಎಸ್.ಜೆ.ಪಿ. ರಸ್ತೆಯಲ್ಲೂ ಉಳಿದಿದೆ. ಮೋಟರು ಪಂಪು ಕೊಳ್ಳಲು ಅಲ್ಲಿಗೆ ಹೋಗುವವರು ಸಿಲ್ವರ್ ಜ್ಯೂಬಿಲಿ ಪಾರ್ಕ್ ಎಂದು ಬಿಡಿಸಿ ಓದುವುದು ಅಪರೂಪ. ಕಾಗದದ ಕಿರೀಟ ಸೋಮವಾರಕ್ಕೆ ಕಸವಾಗುತ್ತದೆ. ಅದೇ ದುಡ್ಡಲ್ಲಿ ಶಾಲೆಯ ಮೂಲೆಯಲ್ಲಿ ಒಂದು ಸೇಬಿನ ಗಿಡ ನೆಟ್ಟರೂ ಆದೀತು.

ಹಾಗಾದರೆ ಶಾಲೆಯ ದಸರಾ ಅಧಿವೇಶನ ಹೇಗಿರಬೇಕು? ಹಬ್ಬದ ವಾರದಲ್ಲೇ, ಹಬ್ಬದ ಹಿಂದಿನ ದಿನ, ನಲವತ್ತು ನಿಮಿಷ. ಮೊದಲ ಹತ್ತು ನಿಮಿಷ ಲೆಕ್ಕ. ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ಸರ್ಕಾರ ಮಾಡಿದ ಖರ್ಚು 7.2 ಕೋಟಿ ಪೌಂಡ್, ಪೊಲೀಸರದೂ ಸೇರಿ. ದೇಶದ ಜನಸಂಖ್ಯೆಗೆ ಭಾಗಿಸಿದರೆ ತಲೆಗೆ ಒಂದು ಪೌಂಡಿಗಿಂತ ಚೂರು ಹೆಚ್ಚು. ಇಷ್ಟೇನಾ ಎನ್ನುವ ಮಗುವೂ ಇರುತ್ತದೆ, ನಮ್ಮ ಶಾಲೆಯ ಸೋರುವ ಮಾಡಿಗೆ ಇದರಲ್ಲಿ ಎಷ್ಟು ಬೇಕು ಎನ್ನುವ ಮಗುವೂ ಇರುತ್ತದೆ. ಒಂದೇ ಅಂಕಿ ಎರಡು ವಾದಕ್ಕೂ ಒದಗುವುದನ್ನು ಹನ್ನೊಂದರ ವಯಸ್ಸಿಗೇ ನೋಡುವುದು ಒಳ್ಳೆಯದು. ಆಮೇಲೆ ಕಾನೂನು. ಪಟ್ಟಾಭಿಷೇಕಕ್ಕೆ ಮೂರು ದಿನ ಮುಂಚೆ ಪ್ರತಿಭಟನೆಗೆ ಕಡಿವಾಣ ಹಾಕುವ ಹೊಸ ಕಾಯ್ದೆಯ ಕೆಲವು ಕಲಮುಗಳು ಜಾರಿಗೆ ಬಂದವು. ಆ ಬೆಳಗ್ಗೆ ರಿಪಬ್ಲಿಕ್ ಸಂಘಟನೆಯ ಗ್ರಹಾಂ ಸ್ಮಿತ್ ಸೇರಿ ಆರು ಮಂದಿಯನ್ನು, ವ್ಯಾನಿನಿಂದ ಪ್ರತಿಭಟನೆಯ ಫಲಕ ಇಳಿಸುತ್ತಿದ್ದ ಹೊತ್ತಿನಲ್ಲೇ, ಪೊಲೀಸರು ಹಿಡಿದರು. ಆಮೇಲೆ ಮೊಕದ್ದಮೆ ಹೂಡದೆ ಬಿಟ್ಟು ವಿಷಾದ ಹೇಳಿದರು. ಕಾನೂನಿನ ಆಳ್ವಿಕೆ, ವ್ಯಕ್ತಿಸ್ವಾತಂತ್ರ್ಯ ಎಂಬ ಎರಡು ಮೌಲ್ಯಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಯಾವ ಟೀಚರಿಗೂ ಸಿಗದು.

ಉಳಿದ ಹೊತ್ತು ವಸ್ತುಗಳಿಗೆ. ಚಾರ್ಲ್ಸ್ ಪತ್ನಿ ಕ್ಯಾಮಿಲಾ ಧರಿಸಿದ ಕಿರೀಟದಲ್ಲಿ ಕೊಹಿನೂರ್ ಇರಲಿಲ್ಲ, ಏಕೆ? 1849ರಲ್ಲಿ ಅದನ್ನು ಒಪ್ಪಿಸುವ ಲಾಹೋರ್ ಒಪ್ಪಂದವಾದಾಗ ಪಂಜಾಬಿನ ಮಹಾರಾಜ ದುಲೀಪ್ ಸಿಂಗ್‌ಗೆ ಹತ್ತು ವರ್ಷ, ಅಂದರೆ ಐದನೇ ಕ್ಲಾಸಿನ ಮಗುವಿನ ವಯಸ್ಸು. ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಬೀಳುವ ಮೌನವನ್ನು ಯಾವ ಬಾವುಟವೂ ತರಲಾರದು. ಕನ್ನಡದ ಮಕ್ಕಳಿಗೆ ಇನ್ನೂ ಹತ್ತಿರದ್ದೊಂದಿದೆ. ವಿಂಡ್ಸರ್ ಕೋಟೆಯಲ್ಲಿ ಸ್ಫಟಿಕದ ಹಲ್ಲಿನ ಬಂಗಾರದ ಹುಲಿಮುಖವಿದೆ. ಅದು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಿಂಹಾಸನಕ್ಕಿದ್ದದ್ದು. ಕೋಟೆ ಬಿದ್ದು ಟಿಪ್ಪು ಸತ್ತದ್ದು 1799ರ ಮೇ 4, ಚಾರ್ಲ್ಸ್ ಪಟ್ಟಾಭಿಷೇಕದ ವಾರದೊಳಗೇ ಬರುವ ದಿನ. ಅದೇ ಜೂನ್‌ನಲ್ಲಿ ಬ್ರಿಟಿಷರು ಪಟ್ಟ ಕಟ್ಟಿದ ಮುಮ್ಮಡಿ ಕೃಷ್ಣರಾಜರಿಗೆ ಐದು ವರ್ಷವೂ ತುಂಬಿರಲಿಲ್ಲ. ಕಿರೀಟದ ಅಳತೆ ಆ ಮಗುವಿಗೂ ಸಮಸ್ಯೆಯಾಗಿದ್ದೀತು. ಲಂಡನ್ನಿನ ಶಾಲೆಯಾದರೆ ಪಟ್ಟಾಭಿಷೇಕ ನಡೆದ ವೆಸ್ಟ್‌ಮಿನ್‌ಸ್ಟರ್ ಅಬೆ ತೋರಿಸಿದ ಮೇಲೆ ಲ್ಯಾಂಬೆತ್ ಸೇತುವೆ ದಾಟಿಸಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೂ ಕರೆದೊಯ್ಯಲಿ. 2015ರ ನವೆಂಬರ್‌ನಿಂದ ಅಲ್ಲಿ ಬಸವಣ್ಣನ ಪ್ರತಿಮೆ ಇದೆ. ಬಿಜ್ಜಳನ ಭಂಡಾರಿಯಾಗಿದ್ದು, ಅರಮನೆಯ ಲೆಕ್ಕವನ್ನೂ ನೋಡಿ, ಅರಸನಿಗೆ ತಲೆಬಾಗದೆ ಹೊರಟವನು.

ಅಧಿವೇಶನ ಮುಗಿದ ಮೇಲೆ ಬರವಣಿಗೆ. ಅರಮನೆಗೆ ಕಿರೀಟದ ಚಿತ್ರವಿರುವ ಕಾರ್ಡು ಕಳಿಸುವುದು ರೂಢಿ, ಅದಕ್ಕೆ ಸಾಮಾನ್ಯವಾಗಿ ಅಚ್ಚು ಹಾಕಿದ ವಂದನೆ ಬರುತ್ತದೆ. ಚಿತ್ರವಿರಲಿ, ಅದರ ಕೆಳಗೆ ಒಂದು ಪ್ರಶ್ನೆಯೂ ಇರಲಿ: ಹುಲಿಮುಖ ವಿಂಡ್ಸರ್‌ಗೆ ಹೇಗೆ ಬಂತು? ರಾಜ ತೆರಿಗೆ ಕಟ್ಟುತ್ತಾನೆಯೇ? ಅದೇ ಪ್ರಶ್ನೆಯ ಇನ್ನೊಂದು ಪ್ರತಿ ಊರಿನ ಸಂಸದರಿಗೂ ಹೋಗಲಿ. ಉತ್ತರ ಬರಲು ವಾರಗಳೇ ಹಿಡಿಯುತ್ತವೆ. ಹಾಗಾಗಿ ಬೇಸಿಗೆ ರಜೆಗೆ ಆರು ವಾರ ಇರುವಾಗಲೇ ಟಪಾಲಿಗೆ ಹಾಕಬೇಕು. ಇಲ್ಲದಿದ್ದರೆ ಕಾಗದ ಬಂದ ಹೊತ್ತಿಗೆ ಕ್ಲಾಸೇ ಚದುರಿಹೋಗಿರುತ್ತದೆ. ಮಗುವಿನ ಮೊದಲ ಹೆಸರಷ್ಟೇ ಸಾಕು, ವಿಳಾಸ ಶಾಲೆಯದಿರಲಿ.